ಗುರುವಾರ ನಡೆಯಲಿ, ಆಮೇಲೆ ಸಹಿ

ಪುಷ್ಪಕ್ಕ ಗ್ರೈಂಡರ್ ಕೊಳ್ಳಲು ಹೋದಾಗ ಒಮ್ಮೆ ನಾನು ಜೊತೆಗಿದ್ದೆ. ಇನ್ನು ಈ ಜನ್ಮದಲ್ಲಿ ಇವರ ಜೊತೆ ಅಂಗಡಿಗೆ ಹೋಗಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಸೇಲ್ಸ್‌ಮನ್ ಡಬ್ಬ ಬಿಚ್ಚಿ, ಮೋಟರು ಇಷ್ಟು ವ್ಯಾಟ್, ಕಲ್ಲು ಇಂಥದ್ದು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಪುಷ್ಪಕ್ಕ ಎಲ್ಲ ಕೇಳಿಸಿಕೊಂಡರು. ಆಮೇಲೆ ತಮ್ಮ ಚೀಲದಿಂದ ಸ್ಟೀಲ್ ಡಬ್ಬ ತೆಗೆದು ಕೌಂಟರಿನ ಮೇಲಿಟ್ಟರು. ಒಳಗೆ ನೆನೆಹಾಕಿದ ಉದ್ದು ಮತ್ತು ಅಕ್ಕಿ.

"ಇದನ್ನು ಹಾಕಿ ತಿರುಗಿಸಿ ತೋರಿಸಿ," ಎಂದರು.

"ಮೇಡಂ, ಐದು ವರ್ಷ ವಾರಂಟಿ ಇದೆ," ಎಂದ ಅವನು.

"ವಾರಂಟಿಯಿಂದ ದೋಸೆ ಆಗ್ತದಾ?"

ಅಂಗಡಿಯ ಮ್ಯಾನೇಜರ್ ಬಂದ. ಸುತ್ತ ಜನ ಸೇರಿದರು. ಕೊನೆಗೆ ಪ್ಲಗ್ ಹಾಕಿ ರುಬ್ಬಿ ತೋರಿಸಿದರು. ಪುಷ್ಪಕ್ಕ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ತರಿ ತರಿ ಉಂಟು" ಎಂದು ಡಬ್ಬ ಮುಚ್ಚಿಕೊಂಡು ಹೊರಟೇಬಿಟ್ಟರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರಿಗೆ ಮಾತ್ರ ಏನೂ ಆಗಲಿಲ್ಲ, ಪಕ್ಕದ ಅಂಗಡಿಗೆ ಹೋಗಿ ಅದೇ ಡಬ್ಬ ಮತ್ತೆ ತೆಗೆದರು.

ನಾನು ಝಾಕಿರ್. ವಿಟ್ಲದ ಕಡೆಯವನು, ಕನ್ನಡ ಶಾಲೆಯಲ್ಲಿ ಕಲಿತವನು, ಕುವೈತಿನ ಸಲ್ವಾದಲ್ಲಿ ಲಾಂಡ್ರಿ ವ್ಯಾನ್ ಓಡಿಸುವವನು. ನಮ್ಮ ಊರಿನವರ ಸಂಘ ಪ್ರತಿ ವರ್ಷ ಒಂದು ಸಂಚಿಕೆ ತರುತ್ತದೆ. ಅದರಲ್ಲಿ ಸಾಧಕರು ಎಂದು ಹೊಟೇಲ್ ಮಾಲೀಕರ, ಎಂಜಿನಿಯರುಗಳ ಫೋಟೊ ಹಾಕುತ್ತಾರೆ. ಎಲ್ಲರೂ ಕೋಟು ತೊಟ್ಟು, ಕೈ ಕಟ್ಟಿ ನಿಂತಿರುತ್ತಾರೆ. ಪುಷ್ಪಾವತಿ ಎಂಬ ಹೆಸರು ಅದರಲ್ಲಿ ಯಾವತ್ತೂ ಬರುವುದಿಲ್ಲವೆಂದು ನನಗೆ ಗೊತ್ತು. ಅದು ನೆನೆದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವರು ಕಿನ್ನಿಗೋಳಿ ಕಡೆಯವರು. ಬಿ.ಕಾಂ. ಮುಗಿಸಿ ಅಲ್ಲಿಯ ಒಂದು ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದರು. ಗಂಡ ಸುಂದರಣ್ಣ ಮೊದಲೇ ಇಲ್ಲಿಗೆ ಬಂದು ಕುವೈತ್ ಸಿಟಿಯ ಹೊಟೇಲೊಂದರಲ್ಲಿ ಅಡುಗೆಗೆ ನಿಂತಿದ್ದರು. ಅಡುಗೆಯವನ ಸಂಬಳದಲ್ಲಿ ಹೆಂಡತಿಗೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ಹಾಗಾಗಿ ಪುಷ್ಪಕ್ಕ ಸ್ವಂತ ಕೆಲಸದ ವೀಸಾದ ಮೇಲೆ ನಮ್ಮ ಲಾಂಡ್ರಿಯ ಕೌಂಟರಿಗೆ ಬಂದರು. ಇದನ್ನು ಓದುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಅವರು ಈ ದೇಶದಲ್ಲಿ ಗಂಡನ ಜೊತೆ ಒಂದೇ ಕೋಣೆಯಲ್ಲಿ ಇರುವುದು ಲಾಂಡ್ರಿ ಕೊಡುವ ಇಕಾಮಾ ಎಂಬ ವಾಸದ ಪರವಾನಗಿಯ ಬಲದಿಂದ. ಅದು ನವೀಕರಣವಾಗದಿದ್ದರೆ ಗಂಡ ಒಂದು ದೇಶ, ಹೆಂಡತಿ ಒಂದು ದೇಶ.

ಬಂದಾಗ ಅವರಿಗೆ ಅರಬ್ಬಿ ಒಂದಕ್ಷರ ಬರುತ್ತಿರಲಿಲ್ಲ. "ಬೈಸಿಕೊಂಡೇ ಕಲ್ತದ್ದು ಮಾರಾಯ," ಎನ್ನುತ್ತಾರೆ. ಮಾತು ಕಲಿತ ಮೇಲೆ ಬರೆಯುವುದನ್ನೂ ಕಲಿತರು. ಕೌಂಟರಿನಿಂದ ಮೇಲೇರಿ ಅಂಗಡಿಯ ಇನ್‌ಚಾರ್ಜ್ ಆದರು. ಇಸ್ತ್ರಿಯವರು, ಗಂಜಿ ಹಾಕುವವರು, ನಾನು, ಎಲ್ಲರೂ ಅವರ ಕೈಕೆಳಗೆ. ಪ್ರೀತಿಯಿಂದ ಮಾತಾಡಿಸುತ್ತಾರೆ ಎಂದು ಸುಳ್ಳು ಹೇಳಲಾರೆ. ಬೈಗುಳದ ವಿಷಯದಲ್ಲಿ ಅವರು ಧಾರಾಳಿ.

ಸಲ್ವಾದ ಮನೆಗಳ ಕ್ರಮ ಹೇಳಿದರೆ ಮುಂದಿನದು ತಿಳಿಯುತ್ತದೆ. ಇಲ್ಲಿಯ ಗಂಡಸರು ತೊಡುವ ಉದ್ದನೆಯ ಬಿಳಿ ಅಂಗಿ ದಿಶ್ದಾಶಾ. ಶುಕ್ರವಾರದ ನಮಾಜಿಗೆ, ದಿವಾನಿಯಾ ಎಂಬ ಮನೆಯ ಬೈಠಕ್ಕಿನಲ್ಲಿ ಗಂಡಸರು ಸೇರುವುದಕ್ಕೆ ಅದು ಹಾಲಿನಂತೆ ಬೆಳ್ಳಗಿರಬೇಕು, ಮಡಿಕೆ ಗರಿಗರಿಯಾಗಿರಬೇಕು. ಆದ್ದರಿಂದ ಗುರುವಾರ ಎಂದರೆ ನಮಗೆ ಯುದ್ಧ. ಆದರೆ ಯಾವ ಮನೆಯ ಯಜಮಾನನೂ ಲಾಂಡ್ರಿಗೆ ಬರುವುದಿಲ್ಲ. ಬರುವುದು ಡ್ರೈವರ್. ಬಟ್ಟೆ ತರುವವನು, ಒಯ್ಯುವವನು, "ಬಾಬಾನ ಗುತ್ರಾಕ್ಕೆ ಗಂಜಿ ಜಾಸ್ತಿ" ಎಂದು ಯಜಮಾನರ ತಲೆವಸ್ತ್ರದ ವಿಷಯ ಹೇಳುವವನು, ಎಲ್ಲ ಅವನೇ. ನಾವು ಬಟ್ಟೆಗೆ ಮನೆಯ ಗುರುತಿನ ಚೀಟಿ ಹೊಲಿಯುತ್ತಿದ್ದೆವು: ಬ್ಲಾಕು, ರಸ್ತೆ, ಮನೆ. ಡ್ರೈವರುಗಳು ಬಂದು ಹೋಗುತ್ತಾರೆ, ಮನೆ ಎಲ್ಲಿಗೂ ಹೋಗುವುದಿಲ್ಲ.

ಈ ಚೀಟಿ ಹೊಲಿಯುವ ಕೆಲಸ ಸಾಕಾಗಿದೆ, ಒಂದು ಕಂಪ್ಯೂಟರ್ ಕೊಡಿಸಿ ಎಂದು ಆಫೀಸಿಗೆ ಮೊದಲು ಹೇಳಿದ್ದು ಪುಷ್ಪಕ್ಕನೇ. ಹೇಳಿದ್ದು ಒಂದು ಸಲವಲ್ಲ, ಹೋದಾಗಲೆಲ್ಲ ಹೇಳಿದರು. ಆಮೇಲೆ ಅವರನ್ನು ಕಂಪ್ಯೂಟರ್ ವಿರೋಧಿ ಎಂದು ಕರೆದರಲ್ಲ, ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಫೀಸು ಇರುವುದು ಕುವೈತ್ ಸಿಟಿಯ ಶರ್ಕಿನ ಒಂದು ಗಾಜಿನ ಕಟ್ಟಡದಲ್ಲಿ. ನಮ್ಮ ಮಾಲೀಕರು, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್, ಅಬು ಯೂಸುಫ್ ಎಂಬ ವಯಸ್ಸಾದ ಕುವೈತಿ. ಅವರಿಗೆ ಲಾಂಡ್ರಿಯಲ್ಲದೆ ಬೇರೆ ವ್ಯಾಪಾರಗಳೂ ಇವೆ. ಎಲ್ಲವನ್ನೂ ನೋಡಿಕೊಳ್ಳುವ ಮ್ಯಾನೇಜರ್ ಧನರಾಜ್, ಪುಷ್ಪಕ್ಕನ ತಾಲೂಕಿನವರೇ. ಧನರಾಜರು ಕೆಟ್ಟವರಲ್ಲ. ಆದರೆ ತಾನು ಒಮ್ಮೆ ಹೇಳಿದ್ದು ತಪ್ಪೆಂದು ಒಪ್ಪಬೇಕಾಗಿ ಬಂದರೆ ಅವರಿಗೆ ಹೊಟ್ಟೆನೋವು ಬರುತ್ತದೆ. ಅವರು ಒಂದು ಕಂಪನಿಯವರನ್ನು ಕರೆಸಿ, ಖರ್ಜೂರ ಕಾಫಿ ಕೊಟ್ಟು, ಪರದೆಯ ಮೇಲೆ ಬಣ್ಣದ ಚಿತ್ರ ನೋಡಿ, ಲಾಂಡ್ರಿಗೆ ಸಾಫ್ಟ್‌ವೇರ್ ಕೊಂಡೇಬಿಟ್ಟರು. ಕಮಿಷನ್ ತಿಂದರು ಎಂದು ಕೆಲವರು ಹೇಳಿದರು. ನಾನು ನೋಡಿಲ್ಲ, ಹೇಳುವುದೂ ಇಲ್ಲ. ನೋಡದ್ದನ್ನು ಹೇಳಲು ನಾನೇನು ಸಾಫ್ಟ್‌ವೇರ್ ಮಾರುವವನೇ?

ಪುಷ್ಪಕ್ಕನಿಗೆ ಸುದ್ದಿ ಸಿಕ್ಕಿದ್ದು ಕಂಪನಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಅಂಗಡಿಯೊಳಗೆ ಕಾಲಿಟ್ಟಾಗ. ಅವನ ಹೆಸರು ಹರ್ಷಿತ್. ಅಪ್ಪ ಅಮ್ಮ ಉಡುಪಿಯವರು, ಅವನು ಇಲ್ಲೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ.

"ಎಂತ ಉಂಟು ಇದರಲ್ಲಿ?" ಎಂದು ಪುಷ್ಪಕ್ಕ ಕೇಳಿದರು.

"ಎವ್ರಿಥಿಂಗ್, ಆಂಟಿ. ಬಾರ್‌ಕೋಡ್, ಬಿಲ್ಲಿಂಗ್, ಮೆಸೇಜ್, ಆಲ್ ಆಟೊಮ್ಯಾಟಿಕ್."

"ಲಾಂಡ್ರಿಯಲ್ಲಿ ಯಾವತ್ತಾದರೂ ಕೂತದ್ದುಂಟಾ ನೀನು?"

"ನೋ ಆಂಟಿ, ಬಟ್ ಇಟ್ಸ್ ವೆರಿ ಸಿಂಪಲ್."

ಪುಷ್ಪಕ್ಕ ಧನರಾಜರಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಬಟ್ಟೆಯ ಗಂಟು ಇಳಿಸುತ್ತಿದ್ದೆ. "ಸರ್, ಕಂಪ್ಯೂಟರ್ ಬಂದದ್ದು ಖುಷಿ. ಆದರೆ ದುಡ್ಡು ಪೂರ್ತಿ ಕೊಡುವ ಮೊದಲು ಒಂದು ಗುರುವಾರ ನಮ್ಮ ಅಂಗಡಿಯಲ್ಲಿ ನಡೆಸಿ ನೋಡುವ. ನಮ್ಮ ಬಟ್ಟೆ, ನಮ್ಮ ಜನ, ನಮ್ಮ ರಶ್. ನಿಮ್ಮ ಆಫೀಸಿನ ಗೋಡೆಯಲ್ಲಿ ನಡ್ದದ್ದು ಇಲ್ಲಿ ನಡೀತದೆ ಅಂತ ಯಾರು ಹೇಳಿದ್ದು? ನೆಟ್ ಹೋದರೆ ಎಂತ ಮಾಡುದು? ಹಬ್ಬದ ಹಿಂದಿನ ದಿನ ಹಾಳಾದರೆ ಯಾರು ಬರ್ತಾರೆ? ಇಸ್ತ್ರಿಯವರಿಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ, ಅವರು ಎಂತ ನೋಡಿ ಬಟ್ಟೆ ಕಟ್ಟುದು?"

ಆ ಕಡೆಯಿಂದ ಧನರಾಜರು ಹೇಳಿದ್ದು ನನಗೂ ಕೇಳಿಸಿತು. "ಪುಷ್ಪಾವತಿಯವರೇ, ದೊಡ್ಡ ದೊಡ್ಡ ಕಂಪನಿಗಳು ಇದನ್ನೇ ಬಳಸ್ತಾ ಇದಾವೆ. ನಿಮ್ಮ ಲಾಂಡ್ರಿ ಏನು ಆಕಾಶದಿಂದ ಇಳಿದದ್ದಾ? ಚಲೋ, ಶುರು ಮಾಡಿ."

ಹರ್ಷಿತ್ ಗಿರಾಕಿಗಳ ಹೆಸರು, ಫೋನ್ ನಂಬರ್ ಕೇಳಿದ. ಕೌಂಟರಿನ ಫೋನಿನಲ್ಲಿ ಪ್ರತಿ ಮನೆಯ ಹೆಸರಿಗೂ ಒಂದು ನಂಬರ್ ಇತ್ತು. ಪುಷ್ಪಕ್ಕ ಅದನ್ನೇ ಕೊಟ್ಟರು. ಅವನು ಎಲ್ಲ ತುಂಬಿಸಿದ. ಇನ್ನು ಚೀಟಿ ಹೊಲಿಯುವುದು ಬೇಡ, ಬಟ್ಟೆಗೆ ಬಾರ್‌ಕೋಡ್ ಅಂಟಿಸಿದರೆ ಸಾಕು, ಬಟ್ಟೆ ಸಿದ್ಧವಾದೊಡನೆ ಆ ನಂಬರಿಗೆ ಮೆಸೇಜ್ ಹೋಗುತ್ತದೆ, ಆ ಫೋನ್ ತೋರಿಸಿದವನಿಗೆ ಬಟ್ಟೆ ಕೊಡಿ ಎಂದ. ಮನೆಯ ವಿಳಾಸ ಬರೆಯಲು ಜಾಗ ಇತ್ತು, ಆದರೆ ಅದು ಬಾರ್‌ಕೋಡಿನ ಚೀಟಿಯಲ್ಲಿ ಮೂಡುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಗಿರಾಕಿ ಎಂದರೆ ಫೋನ್ ನಂಬರ್. ನಮ್ಮಲ್ಲಿ ಮನೆಯ ನಂಬರ್ ಎಂದರೆ ಡ್ರೈವರನ ನಂಬರ್. ವರ್ಷಗಟ್ಟಲೆ ಹಾಗೇ ನಡೆದು ಬಂದಿದ್ದರಿಂದ ಅವನಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ, ಪುಷ್ಪಕ್ಕನಿಗೂ ತೋಚಲಿಲ್ಲ.

ರಂಜಾನ್ ಶುರುವಾಗಿತ್ತು. ಸಲ್ವಾದ ಒಂದೇ ಬ್ಲಾಕಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಆಸ್ತಿಯ ವಿಷಯದಲ್ಲಿ ಜಗಳವಾಗಿ ಇಬ್ಬರಿಗೂ ಮಾತು ಬಿಟ್ಟುಹೋಗಿದೆ, ಹಬ್ಬದಲ್ಲೂ ಒಬ್ಬರ ಬಾಗಿಲಿಗೆ ಒಬ್ಬರು ಹೋಗುವುದಿಲ್ಲ. ಅಣ್ಣನ ಮನೆಯ ಡ್ರೈವರ್ ಬಟ್ಟೆ ತಂದು ನಮ್ಮಲ್ಲಿ ಕೊಟ್ಟ. ಅದೇ ವಾರ ಅವನು ಆ ಮನೆ ಬಿಟ್ಟು ತಮ್ಮನ ಮನೆಗೆ ಸೇರಿಕೊಂಡ. ಇಲ್ಲಿ ಇದೇನೂ ಹೊಸದಲ್ಲ. ಮನೆ ಬದಲಾಯಿಸಿದರೂ ಡ್ರೈವರ್ ತನ್ನ ಫೋನ್ ನಂಬರ್ ಬದಲಾಯಿಸುವುದಿಲ್ಲ, ಊರಿನಲ್ಲಿ ಹೆಂಡತಿಗೆ ಗೊತ್ತಿರುವುದು ಅದೇ ನಂಬರ್.

ಬಟ್ಟೆ ಸಿದ್ಧವಾಯಿತು, ಮೆಸೇಜ್ ಹೋಯಿತು. ಅವನು ವಿಧೇಯನಾಗಿ ಬಂದು ಫೋನ್ ತೋರಿಸಿದ. ಕೌಂಟರಿನವನು ಯಂತ್ರ ಹೇಳಿದ ಗಂಟನ್ನು ಕೊಟ್ಟ. ತನ್ನ ಹೊಸ ಮನೆಯವರೂ ಇಲ್ಲಿಗೇ ಬಟ್ಟೆ ಹಾಕುತ್ತಾರೆ, ಅದೇ ಇರಬೇಕು ಎಂದುಕೊಂಡು ಅವನು ಅಣ್ಣನ ದಿಶ್ದಾಶಾಗಳನ್ನೆಲ್ಲ ತಮ್ಮನ ಕಪಾಟಿನಲ್ಲಿ ತೂಗಿಹಾಕಿದ.

ಶುಕ್ರವಾರ ಆ ತಮ್ಮನಾದವರು ಅದರಲ್ಲಿ ಒಂದನ್ನು ತೊಟ್ಟುಕೊಂಡರು. ತೋಳು ಬೆರಳಿನವರೆಗೆ ಬಂತು. ಕಪಾಟು ತೆಗೆದು ನೋಡಿದರೆ ಎಲ್ಲವೂ ಅಣ್ಣನ ಅಳತೆಯವು. ಅಣ್ಣ ತನಗೆ ಹಳೇ ಬಟ್ಟೆ ದಾನ ಕಳಿಸಿದ್ದಾನೆ, ಅದೂ ರಂಜಾನಿನಲ್ಲಿ, ಎಂದು ಅವರು ತಿಳಿದರು. ಎಲ್ಲವನ್ನೂ ಒಂದು ಮೂಟೆ ಕಟ್ಟಿಸಿ ಅಣ್ಣನ ದಿವಾನಿಯಾಕ್ಕೆ ಕಳಿಸಿದರು. ಜೊತೆಗೆ "ನಾನು ಭಿಕ್ಷುಕನಲ್ಲ" ಎಂಬ ಮಾತನ್ನೂ ಹೇಳಿ ಕಳಿಸಿದರು. ಅಣ್ಣ ಅತಿಥಿಗಳ ನಡುವೆ ಕುಳಿತಿದ್ದಾಗ ಅವರದ್ದೇ ಅಂಗಿಗಳು ಮೂಟೆಯಲ್ಲಿ ಬಂದವು. ಆ ಅತಿಥಿಗಳಲ್ಲಿ ಒಬ್ಬರು ನಮ್ಮ ಅಬು ಯೂಸುಫ್, ಅಂಗಿಗಳ ಮೇಲಿದ್ದದ್ದು ನಮ್ಮ ಲಾಂಡ್ರಿಯ ಬಾರ್‌ಕೋಡ್.

ಈಗ ಬರೆಯುವಾಗ ನನಗೆ ನಗು ಬರುತ್ತದೆ. ಅವತ್ತು ಬರಲಿಲ್ಲ. ಅಂಗಡಿಯಲ್ಲಿ ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ಧನರಾಜರು ಓಡಿ ಬಂದರು, ಹರ್ಷಿತನೂ ಬಂದ. ಅವನು ಲ್ಯಾಪ್‌ಟಾಪ್ ತೆರೆದು ನೋಡಿ ನೆಮ್ಮದಿಯಿಂದ ಹೇಳಿದ: "ಸಿಸ್ಟಮ್ ಪ್ರಕಾರ ಎವ್ರಿಥಿಂಗ್ ಈಸ್ ಕರೆಕ್ಟ್ ಸರ್. ಕರೆಕ್ಟ್ ನಂಬರ್, ಕರೆಕ್ಟ್ ಡೆಲಿವರಿ."

"ಸರಿ ಉಂಟಾ?" ಪುಷ್ಪಕ್ಕನ ದನಿಗೆ ಇಸ್ತ್ರಿಯವರು ಕೈ ನಿಲ್ಲಿಸಿದರು. "ಅಣ್ಣನ ಅಂಗಿ ತಮ್ಮನ ಮೈಮೇಲೆ ಉಂಟು, ನಿನ್ನ ಡಬ್ಬದಲ್ಲಿ ಸರಿ ಉಂಟಾ? ಹಾಗಾದರೆ ನಿನ್ನ ಡಬ್ಬವೇ ಹೋಗಿ ಅವರಿಗೆ ಸಮಾಧಾನ ಹೇಳ್ಲಿ."

ಧನರಾಜರು ತಿರುಗಿಬಿದ್ದರು. "ಡ್ರೈವರ್ ನಂಬರ್ ಕೊಟ್ಟದ್ದು ಯಾರು? ನೀವೇ ಅಲ್ವಾ?"

"ಹೌದು, ನಾನೇ. ಹತ್ತು ಜನರ ಎದುರಿಗೆ ಹೇಳ್ತೇನೆ, ನಾನೇ ಕೊಟ್ಟದ್ದು. ನನಗೂ ಹೊಳೀಲಿಲ್ಲ. ಇಂಥದ್ದು ಯಾರಿಗೂ ಕೂತಲ್ಲಿ ಹೊಳಿಯುದಿಲ್ಲ ಸರ್, ನಡೆಸಿದರೆ ಮಾತ್ರ ಗೊತ್ತಾಗುದು. ಅದಕ್ಕೇ ಅಲ್ವಾ ಒಂದು ಗುರುವಾರ ಕೊಡಿ ಅಂತ ಕೇಳಿದ್ದು?"

ಧನರಾಜರು ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದರು. ಉತ್ತರವಿಲ್ಲದ ಮ್ಯಾನೇಜರನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ಅಬು ಯೂಸುಫ್ ಆ ಅಣ್ಣನ ಬಳಿ ಹೋಗಿ ಕ್ಷಮೆ ಕೇಳಿದರು. ಆಮೇಲೆ ಧನರಾಜರಿಗೆ ಒಂದು ಷರತ್ತು ಹಾಕಿದರು: ಸಾಫ್ಟ್‌ವೇರ್ ಕಂಪನಿಯ ಕೊನೆಯ ಕಂತು ಹೋಗಬೇಕಾದರೆ, ಇದು ಸರಿಯಾಗಿ ನಡೆಯುತ್ತಿದೆ ಎಂದು ಅಂಗಡಿಯ ಇನ್‌ಚಾರ್ಜ್ ಸಹಿ ಹಾಕಬೇಕು. ಕಂಪನಿಯವರೂ ಗಟ್ಟಿ ಕುಳಿತರು. ಆ ಸಹಿ ಬಂದು ಕಂತು ಬಿದ್ದ ಮೇಲೆಯೇ ಏನಾದರೂ ಬದಲಾವಣೆ, ಅದಕ್ಕೂ ಬೇರೆ ದುಡ್ಡು ಎಂದರು. ಹೀಗೆ ಶರ್ಕಿನ ಗಾಜಿನ ಕಟ್ಟಡದಲ್ಲಿ ಸಿಕ್ಕಿಕೊಂಡ ಗಂಟು ಸಲ್ವಾದ ಪುಷ್ಪಕ್ಕನ ಪೆನ್ನಿನ ತುದಿಗೆ ಬಂದು ನಿಂತಿತು.

ಅದೇ ತಿಂಗಳು ಪುಷ್ಪಕ್ಕನ ಇಕಾಮಾ ಮುಗಿಯುವುದಿತ್ತು. ನವೀಕರಣಕ್ಕೆ ಕಳಿಸುವ ಆಫೀಸಿನ ಕಾಗದಕ್ಕೆ ಧನರಾಜರ ಸಹಿ ಬೇಕು. ಅವರು ಫೋನ್ ಮಾಡಿ ಬಹಳ ಮೃದುವಾಗಿ, "ಶನಿವಾರ ಆಫೀಸಿಗೆ ಬನ್ನಿ, ಎರಡು ಕಾಗದವೂ ಒಟ್ಟಿಗೆ ಮುಗಿಸಿಬಿಡುವ" ಎಂದರು. ಒಟ್ಟಿಗೆ ಎಂಬ ಮಾತು ಪುಷ್ಪಕ್ಕನಿಗೆ ಅರ್ಥವಾಯಿತು. ನನಗೂ ಆಯಿತು.

ಹಿಂದಿನ ದಿನ ಸುಂದರಣ್ಣನ ರಜೆ. ಇಫ್ತಾರಿಗೆ ನನ್ನನ್ನೂ ಕರೆದಿದ್ದರು. ಸುಂದರಣ್ಣ ನನಗಾಗಿ ಗಂಜಿ, ಅಕ್ಕಿ ಉಂಡೆಯ ಪುಂಡಿ ಮಾಡಿದ್ದರು, ಆದರೆ ಬಡಿಸುವ ಕೈಯಲ್ಲಿ ಜೀವ ಇರಲಿಲ್ಲ.

"ಒಂದು ಸೈನ್ ಅಲ್ವಾ?" ಎಂದರು ಹೆಂಡತಿಗೆ. "ಯಾರ ದುಡ್ಡು, ಯಾರ ಮಿಶಿನು? ನಿನಗೆ ಎಂತ ಹೋಗುದು? ಊರಿನಲ್ಲಿ ರೇಷನ್ ಕಾರ್ಡಿಗೆ ಓದದೆ ಸೈನ್ ಹಾಕ್ಲಿಲ್ವಾ ನೀನು?"

"ಹಾಕಿದ್ದಕ್ಕೇ ಅದರಲ್ಲಿ ಇವತ್ತಿಗೂ ನಾನು ಗಂಡಸು ಅಂತ ಉಂಟು," ಎಂದರು ಪುಷ್ಪಕ್ಕ.

ನಾನು ನಕ್ಕೆ. ಸುಂದರಣ್ಣ ನಗಲಿಲ್ಲ. "ನೀನು ಹೋದರೆ ನಾನು ಇಲ್ಲಿ ಎಂತ ಮಾಡುದು?" ಎಂದು ಕೇಳಿದರು. ಅಷ್ಟು ದೊಡ್ಡ ಮನುಷ್ಯ, ದೊಡ್ಡ ದೊಡ್ಡ ಪಾತ್ರೆಗಳನ್ನು ಒಬ್ಬರೇ ಇಳಿಸುವವರು, ಮಗುವಿನ ಹಾಗೆ ಹೆಂಡತಿಯ ಮುಖವನ್ನೇ ನೋಡಿದರು. ಪುಷ್ಪಕ್ಕ ತಟ್ಟೆ ಬದಿಗೆ ಸರಿಸಿದರು.

"ಇದು ಸರಿ ಉಂಟು ಅಂತ ನಾನು ಬರೆದುಕೊಟ್ಟರೆ ನಾಳೆ ಕಳೆದುಹೋದ ಬಟ್ಟೆಗೆಲ್ಲ ನಾನೇ ಜವಾಬ್ದಾರಿ. ಆಗ ಇವರೇ ನನ್ನನ್ನು ಕಳಿಸ್ತಾರೆ, ಕಳ್ಳಿ ಅಂತ ಹೆಸರಿಟ್ಟು. ಹೋಗುದೇ ಆದರೆ ಸುಳ್ಳು ಬರೆಯದೆ ಹೋಗ್ತೇನೆ," ಎಂದರು. ಅವರಿಗೆ ಹೆದರಿಕೆ ಇರಲಿಲ್ಲ ಎಂದು ಯಾರೂ ತಿಳಿಯಬೇಡಿ. ಊಟವಾದ ಮೇಲೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದರು.

ಶನಿವಾರ ನನ್ನ ವ್ಯಾನಿನಲ್ಲೇ ಹೋದೆವು. ಸುಂದರಣ್ಣ ತಾನು ಬರುವುದು ತಡವಾಗುತ್ತದೆಂದು ಹೊಟೇಲಿಗೆ ತಿಳಿಸಿ ಜೊತೆಗೆ ಬಂದರು. ಧನರಾಜರ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕದಲ್ಲಿದ್ದವು.

"ಇದಕ್ಕೆ ನೀವು, ಇದಕ್ಕೆ ನಾನು," ಎಂದರು ಧನರಾಜರು, ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಟ್ಟಷ್ಟು ಸಲೀಸಾಗಿ.

ಪುಷ್ಪಕ್ಕ ತಮ್ಮ ಕಾಗದ ತೆಗೆದುಕೊಂಡರು. ಸಹಿಯ ಜಾಗದ ಮೇಲೆ ಖಾಲಿ ಇದ್ದಲ್ಲಿ ಅರಬ್ಬಿಯಲ್ಲಿ ನಿಧಾನವಾಗಿ ಬರೆಯತೊಡಗಿದರು. ಬರೆದು, ಕೆಳಗೆ ಹೆಸರು ಹಾಕಿ ತಳ್ಳಿದರು. ಧನರಾಜರಿಗೆ ಅರಬ್ಬಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಖುಷಿಯಿಂದ ಈಜಿಪ್ಟಿನ ಗುಮಾಸ್ತನನ್ನು ಕರೆದು ಓದಿಸಿದರು. ಅವನು ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ: "ಈ ಪ್ರೋಗ್ರಾಂ ಒಂದು ಮನೆಯ ಬಟ್ಟೆಯನ್ನು ಇನ್ನೊಂದು ಮನೆಗೆ ಕೊಟ್ಟಿದೆ. ಇದನ್ನು ನನ್ನೆದುರು ಗುರುವಾರ ನಡೆಸಿ ತೋರಿಸಿಲ್ಲ. ತೋರಿಸುವವರೆಗೆ ನಾನು ಒಪ್ಪುವುದಿಲ್ಲ."

ಧನರಾಜರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

"ಇನ್ನೊಂದು ಪ್ರಿಂಟ್ ತೆಗೀರಿ ಸರ್," ಎಂದರು ಪುಷ್ಪಕ್ಕ. "ಅದರಲ್ಲಿಯೂ ಇದನ್ನೇ ಬರೀತೇನೆ."

ಧನರಾಜರು ಸುಂದರಣ್ಣನ ಕಡೆ ತಿರುಗಿದರು. "ಸುಂದರ, ನೀನಾದರೂ ಹೇಳು ಮಾರಾಯ. ಇವರ ಹಟದಿಂದ ನಿನ್ನ ಸಂಸಾರ ಹಾಳಾಗ್ತದೆ."

ನಾನು ಸುಂದರಣ್ಣನ ಮುಖ ನೋಡಿದೆ. ಹಿಂದಿನ ದಿನ ಅಳುವ ಹಾಗೆ ಕೇಳಿಕೊಂಡ ಮನುಷ್ಯ. ಈಗ ಅವರು ತಮ್ಮ ಶರ್ಟಿನ ಗುಂಡಿ ತಿರುವುತ್ತಾ ನಿಂತರು.

"ನಾನು ಅಡುಗೆಯವ ಸರ್," ಎಂದರು ಕೊನೆಗೆ. "ನೀವು ಒಂದು ದಿನ ನಮ್ಮ ಹೊಟೇಲಿಗೆ ಬಂದು, ಬಾಯಿಗೆ ಹಾಕುವ ಮೊದಲೇ ಚಂದ ಉಂಟು ಅಂತ ಬರೆದುಕೊಡ್ತೀರಾ? ಅವಳು ಹಾಕುದಿಲ್ಲ ಅಂದರೆ ಹಾಕುದಿಲ್ಲ. ನನ್ನ ಹತ್ರ ಕೇಳಬೇಡಿ."

ಪುಷ್ಪಕ್ಕ ಗಂಡನನ್ನು ನೋಡಿದ ಆ ನೋಟ ನಾನು ಬರೆಯಲಾರೆ. ಬರೆಯಬಾರದು ಕೂಡ, ಅದು ಅವರಿಬ್ಬರದ್ದು.

ಇಕಾಮಾದ ಕಾಗದ ಧನರಾಜರ ಮೇಜಿನಲ್ಲೇ ಉಳಿಯಿತು. ಮುಂದಿನ ದಿನಗಳು ಕೆಟ್ಟವು. ಪುಷ್ಪಕ್ಕ ಅಂಗಡಿಗೆ ಬರುತ್ತಿದ್ದರು, ಎಲ್ಲರನ್ನೂ ಎಂದಿನಂತೆ ಬೈಯುತ್ತಿದ್ದರು, ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಬಾಗಿಲಿನಾಚೆ ನೋಡುತ್ತಿದ್ದರು. ಒಂದು ಸೂಟ್‌ಕೇಸ್ ಕೊಂಡರು. ಅದರ ಚಕ್ರವನ್ನೂ ಅಂಗಡಿಯ ತುಂಬ ಎಳೆದಾಡಿ ನೋಡಿಯೇ ಕೊಂಡರಂತೆ.

ಒಂದು ಬೆಳಿಗ್ಗೆ ನಾನು ಬುಟ್ಟಿ ಹೊತ್ತು ಒಳಗೆ ಬರುವಾಗ ಅಬು ಯೂಸುಫ್ ಕೌಂಟರಿನ ಎದುರಿಗೆ ನಿಂತಿದ್ದರು. ಅವರು ಅಂಗಡಿಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಿಂದೆ ಧನರಾಜರು ಸಾಫ್ಟ್‌ವೇರ್ ಒಪ್ಪಿಗೆಯ ಹೊಸ ಕಾಗದ ಹಿಡಿದು ನಿಂತಿದ್ದರು. ಕೆಲಸದವರೆಲ್ಲ ಹಬೆಯ ಹಿಂದೆ ಅಡಗಿದರು.

"ಲೇಶ್?" ಎಂದು ಕೇಳಿದರು ಅಬು ಯೂಸುಫ್, ಏಕೆ ಎಂದು. ಅವರ ಅರಬ್ಬಿ ಮೆಲುದನಿಯದು. "ನಿನಗೆ ಕಂಪ್ಯೂಟರ್ ಎಂದರೆ ಆಗುವುದಿಲ್ಲ ಎಂದು ಇವನು ಹೇಳುತ್ತಾನೆ."

ಪುಷ್ಪಕ್ಕ ಅರಬ್ಬಿಯಲ್ಲೇ ಉತ್ತರ ಕೊಟ್ಟರು. "ಕಂಪ್ಯೂಟರ್ ಬೇಕು ಎಂದು ಕೇಳಿದವಳೇ ನಾನು, ಬಾಬಾ. ಆ ಬಾರ್‌ಕೋಡ್ ಚೆನ್ನಾಗಿದೆ, ನನಗೆ ಬೇಕು. ಆದರೆ ಅದಕ್ಕೆ ಮನೆ ಗೊತ್ತಿಲ್ಲ, ಫೋನ್ ಮಾತ್ರ ಗೊತ್ತು. ಇಲ್ಲಿಗೆ ಬರುವವರು ಬಟ್ಟೆ ಕೈಗೆ ಬಂದ ಮೇಲೆ, ಕಲೆ ಹೋಗಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿ ಆಮೇಲೆ ದುಡ್ಡು ಕೊಡುತ್ತಾರೆ. ನಾವೇಕೆ ನೋಡದೆ ಕೊಡಬೇಕು?"

ಮುದುಕರು ಧನರಾಜರ ಕೈಯಿಂದ ಕಾಗದ ತೆಗೆದು ಕೌಂಟರಿನ ಮೇಲಿಟ್ಟು, ತಮ್ಮ ಜೇಬಿನ ಪೆನ್ನನ್ನೇ ಅದರ ಮೇಲಿಟ್ಟರು.

"ನಾನು ಈ ಅಂಗಡಿಯ ಮಾಲೀಕ. ನಿನ್ನ ಕಫೀಲ್. ನಾನೇ ಸಹಿ ಹಾಕು ಎಂದರೆ?"

ನನ್ನ ತಲೆಯ ಮೇಲಿನ ಬುಟ್ಟಿ ಇಳಿಸುವುದೂ ನನಗೆ ಮರೆತುಹೋಗಿತ್ತು. ಹಾಕಿಬಿಡಿ ಪುಷ್ಪಕ್ಕ ಎಂದು ಒಳಗೊಳಗೇ ಬೇಡಿಕೊಂಡೆ. ಧನರಾಜರಿಗೆ ಎದುರು ಹೇಳುವುದು ಬೇರೆ. ಇವರು ಒಂದು ಮಾತು ಹೇಳಿದರೆ ವಿಮಾನವೇ ಗತಿ.

"ಲಾ," ಎಂದರು ಪುಷ್ಪಕ್ಕ. ಇಲ್ಲ, ಅಷ್ಟೇ. ಕೈ ಕಟ್ಟಲಿಲ್ಲ, ತಲೆ ತಗ್ಗಿಸಲಿಲ್ಲ, ಮೇಲೊಂದು ಕ್ಷಮಿಸಿ ಕೂಡ ಸೇರಿಸಲಿಲ್ಲ.

ಅಬು ಯೂಸುಫ್ ಮೆಚ್ಚಿದರೋ ಸಿಟ್ಟಾದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಮುಖ ಹಾಗೇ ಇತ್ತು. ಪೆನ್ನನ್ನು ಜೇಬಿಗೆ ಹಾಕಿಕೊಂಡು ಧನರಾಜರ ಕಡೆ ತಿರುಗಿ, "ಇವತ್ತು ಯಾವ ವಾರ?" ಎಂದು ಕೇಳಿದರು.

"ಮಂಗಳವಾರ, ಸರ್."

"ಹಾಗಾದರೆ ಗುರುವಾರ ಆ ಹುಡುಗನನ್ನು ಕರೆಸು. ನಾನೂ ಬರುತ್ತೇನೆ."

ಗುರುವಾರ ಮುದುಕರು ಇಸ್ತ್ರಿ ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಹರ್ಷಿತ್ ಕೌಂಟರಿನಲ್ಲಿ ನಿಂತ. ಹಬ್ಬದ ಮುಂಚಿನ ಗುರುವಾರ ಅದು. ಡ್ರೈವರುಗಳು ಬಾಗಿಲಿನಿಂದ ರಸ್ತೆಯವರೆಗೆ ನಿಂತಿದ್ದರು. ನೆಟ್ ಎರಡು ಸಲ ಹೋಯಿತು. ಒಬ್ಬ ಡ್ರೈವರ್ ಎರಡು ಮನೆಗೆ ಕೆಲಸ ಮಾಡುವವನು, ಅವನ ಫೋನಿನಲ್ಲಿ ಒಂದೇ ಮೆಸೇಜ್. ಇನ್ನೊಬ್ಬ ಫೋನ್ ಕಳಕೊಂಡು ಬಂದಿದ್ದ. ಮತ್ತೊಬ್ಬ ಊರಿಗೆ ಹೋದ ತನ್ನ ಅಣ್ಣನ ಬದಲಿಗೆ ಬಂದಿದ್ದ. ಹರ್ಷಿತನ ಟೈ ಸಡಿಲವಾಯಿತು, ಆಮೇಲೆ ಅದು ಕಾಣಲೇ ಇಲ್ಲ. ಅವನಿಗೆ ಪುಷ್ಪಕ್ಕ ಒಂದು ಮಾತೂ ಚುಚ್ಚಲಿಲ್ಲ. ಗುಂಪು ಒತ್ತಿ ಬಂದಾಗ ಅವನ ಪಕ್ಕದಲ್ಲೇ ನಿಂತು ಯಾವ ಮನೆ, ಯಾವ ಗಂಟು ಎಂದು ಹೇಳುತ್ತಾ ಹೋದರು. ಸಂಜೆಗೆ ಅವನು ತಾನಾಗಿಯೇ ಫೋನ್ ಮಾಡಿ ತನ್ನ ಕಂಪನಿಯವರೊಡನೆ ಜಗಳಕ್ಕೆ ನಿಂತಿದ್ದ. ಮನೆಯ ವಿಳಾಸವೇ ಗಿರಾಕಿಯಾಗಬೇಕು, ಚೀಟಿಯಲ್ಲಿ ಅದು ಅರಬ್ಬಿ ಅಂಕಿಯಲ್ಲಿ ದೊಡ್ಡದಾಗಿ ಮೂಡಬೇಕು, ಇಲ್ಲದಿದ್ದರೆ ಇದು ನಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದ.

ಅಬು ಯೂಸುಫ್ ಎದ್ದರು. "ಖಲಾಸ್," ಎಂದರು ಧನರಾಜರಿಗೆ. "ಅವಳು ಒಪ್ಪಿದ ಮೇಲೆ ಕೊನೆಯ ಕಂತು. ಬದಲಾವಣೆಗೆ ಬೇರೆ ದುಡ್ಡಿಲ್ಲ." ಬಾಗಿಲಲ್ಲಿ ನಿಂತು, ಏನೋ ನೆನಪಾದವರಂತೆ ತಿರುಗಿ, "ಅವಳ ಇಕಾಮಾ ಏನಾಯಿತು?" ಎಂದು ಕೇಳಿದರು. ಧನರಾಜರಿಗೆ ಅವರ ಹಳೆಯ ಹೊಟ್ಟೆನೋವು ಬಂತು.

ಕಂಪನಿಯವರು ಇನ್ನೂ ಸರಿಪಡಿಸುತ್ತಲೇ ಇದ್ದಾರೆ. ಗುರುವಾರಗಳಂದು ಹರ್ಷಿತ್ ಬರುತ್ತಾನೆ, ನಮ್ಮ ಜೊತೆ ನೆಲದ ಮೇಲೆ ಕುಳಿತು ಚಾಯ್ ಕುಡಿಯುತ್ತಾನೆ, ಬಾಕಿ ಇರುವುದನ್ನು ಕೇಳಿಕೊಂಡು ಹೋಗುತ್ತಾನೆ. ಸಾಫ್ಟ್‌ವೇರ್ ಒಪ್ಪಿಗೆಯ ಕಾಗದದಲ್ಲಿ ಪುಷ್ಪಕ್ಕನ ಹೆಸರಿನ ಮುಂದೆ ಈಗಲೂ ಖಾಲಿ ಇದೆ.

ಇನ್ನೊಂದು, ಇಕಾಮಾದ ಕಾಗದವನ್ನು ಶರ್ಕಿನಿಂದ ತಂದು ಕೊಟ್ಟವನು ನಾನೇ. ಪುಷ್ಪಕ್ಕ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಅದನ್ನು ಬಿಡಿಸಿದರು, ಒಂದೊಂದೇ ಸಾಲು ಬೆರಳಿಟ್ಟು ಓದಿದರು, ಕೊನೆಗೆ ಕೆಳಗಿನ ಸಹಿಯ ಹತ್ತಿರ ಬೆರಳು ನಿಲ್ಲಿಸಿದರು. ಅವರ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ನೋಡು ಝಾಕಿರ್," ಎಂದರು, "ಧನರಾಜ್ ಸರ್ ಎಷ್ಟು ಚಂದ ಸೈನ್ ಹಾಕ್ತಾರೆ."